ಜರ್ಮನಿಗೆ ಹೋದ ಸರೋಜಕ್ಕನ ಗಿಟಾರು

ಚಾಮರಾಜಪೇಟೆ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ರಸ್ತೆ, ಹೂದೋಟ, ಚಾಕೊಲೇಟುಗಳ ಬಗ್ಗೆ ಹೇಳುತ್ತಾರೆ. ನಾನು ಹೋಗಿ ಜಗಳ ಆಡಿ ಬಂದವಳು. ಆದ್ದರಿಂದ ಜಗಳದ ಬಗ್ಗೆಯೇ ಬರೆಯುತ್ತೇನೆ. ಊರಿನ ಹೆಸರು ಹೇಳುವುದಿಲ್ಲ. ಜರ್ಮನಿಯ ಪೂರ್ವದ ಅಂಚಿನಲ್ಲಿರುವ, ಪಿಟೀಲು ಗಿಟಾರು ಮಾಡುವವರೇ ತುಂಬಿರುವ ಪುಟ್ಟ ಊರು ಎಂದರೆ ಸಾಕು.

ನಾನು ಟೆಲಿಫೋನು ಕಾರ್ಖಾನೆಯೊಂದರಲ್ಲಿ ಕಾಯಿಲ್ ಸುತ್ತುತ್ತಿದ್ದವಳು. ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಹರಿಯದಂತೆ ಸುತ್ತುವ ಕೆಲಸ. ಎಲೆಕ್ಟ್ರಿಕ್ ಗಿಟಾರಿನ ಎದೆಯಲ್ಲೂ ಅಂಥದೇ ಕಾಯಿಲ್ ಇರುತ್ತದೆ. ಅಯಸ್ಕಾಂತದ ಸುತ್ತ ಕೂತು, ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಕಾರ್ಖಾನೆಯವರು ಸ್ವಯಂ ನಿವೃತ್ತಿ ಎಂದು ಹೆಸರಿಟ್ಟು ನಮ್ಮನ್ನೆಲ್ಲ ಮನೆಗೆ ಕಳಿಸಿದ ಮೇಲೆ ನಾನು ಹಿತ್ತಿಲಿನ ಶೀಟು ಹೊದಿಸಿದ ಜಾಗದಲ್ಲಿ ಕೂತು ಗಿಟಾರು ಮಾಡತೊಡಗಿದೆ. ನನ್ನ ತಮ್ಮ ಶಿವುಗೆ ಕಲಾಸಿಪಾಳ್ಯದಲ್ಲಿ ವಾದ್ಯ ರಿಪೇರಿ ಅಂಗಡಿ. ಮರದ ಕೆಲಸ ಕಲಿಸಿದವನು ಅವನು.

ಸರೋಜಕ್ಕ ಯಾರು ಎಂದು ಈಗಲೇ ಹೇಳಿಬಿಡುತ್ತೇನೆ. ಮಾವಳ್ಳಿಯಲ್ಲಿ ನಮ್ಮ ವಠಾರದಲ್ಲೇ ಇದ್ದವಳು. ಅವಳಪ್ಪ ರೇಡಿಯೋ ರಿಪೇರಿಯವರು. ಗಣೇಶನ ಹಬ್ಬ ಬಂತೆಂದರೆ ಚಾಮರಾಜಪೇಟೆಯ ಬೀದಿಬೀದಿಯಲ್ಲೂ ಪೆಂಡಾಲು ಹಾಕಿ ಆರ್ಕೆಸ್ಟ್ರಾ ಇಡುತ್ತಿದ್ದ ಕಾಲ ಅದು. ಹಾಡುವ ಹೆಂಗಸರು ಬೇಕಾದಷ್ಟಿದ್ದರು. ಎಲೆಕ್ಟ್ರಿಕ್ ಗಿಟಾರು ಹಿಡಿದವಳು ನಾನು ಕಂಡಂತೆ ಅವಳೊಬ್ಬಳೇ. ಅದನ್ನೂ ತಾನೇ ಮಾಡಿಕೊಂಡಿದ್ದಳು, ಹಲಸಿನ ಹಲಗೆಯಿಂದ, ಅಪ್ಪನ ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಹೆಡ್‌ಫೋನಿನ ಅಯಸ್ಕಾಂತದಿಂದ. ನನ್ನ ಮದುವೆಗೆ ಮುಂಚೆ ಕೆಲವು ವರ್ಷ ಅವಳಿಂದಲೇ ಕಲಿತು, ಅವಳ ಹಿಂದೆ ನಿಂತು ನಾನೂ ಸಾದಾ ಮರದ ಗಿಟಾರು ನುಡಿಸಿದ್ದೇನೆ.

ಗಿಟಾರಿನ ಪಟ್ಟಿಯನ್ನು ಎಲ್ಲರೂ ಎಡ ಭುಜಕ್ಕೆ ಹಾಕಿಕೊಳ್ಳುತ್ತಾರೆ. ಸೀರೆಯ ಸೆರಗು ಇರುವುದೂ ಎಡ ಭುಜದ ಮೇಲೆಯೇ. ಗಿಟಾರಿನ ಭಾರಕ್ಕೆ ಪಟ್ಟಿ ಎಳೆಯುತ್ತದೆ, ಸೆರಗು ಜಾರುತ್ತದೆ. "ಸೆರಗು ಜಾರಿದ್ರೆ ಜನ ಹಾಡು ಕೇಳಲ್ಲ ಕಣೇ, ನನ್ನ ನೋಡ್ತಾರೆ," ಎಂದು ಸರೋಜಕ್ಕ ಗಿಟಾರನ್ನು ಸೊಂಟಕ್ಕೆ ಇಳಿಸಿದಳು. ನೀರಿನ ಕೊಡ ಕೂರುವ ಹಾಗೆ ಸೊಂಟದ ಮೇಲೆ ಕೂರಲೆಂದು ಅದರ ಬೆನ್ನನ್ನು ಬಟ್ಟಲಿನಂತೆ ಕೊರೆದಳು. ಪಟ್ಟಿಯನ್ನು ಡಾಬಿನ ಹಾಗೆ ನಡುವಿಗೆ ಬಿಗಿದುಕೊಂಡಳು. ಗಿಟಾರಿನ ಕತ್ತು ಓರೆಯಾಗಿ ಮೇಲಕ್ಕೆ ಚಾಚಿಕೊಂಡಿರುತ್ತಿತ್ತು. ಹಾಗೆ ನಿಂತು ಅವಳು ನುಡಿಸಿದರೆ, ಮುಂದಿನ ಸಾಲಿನಲ್ಲಿ ಶಿಳ್ಳೆ ಹಾಕಲು ಬಂದ ಪಡ್ಡೆಗಳೂ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು.

ನುಡಿಸುವುದನ್ನು ಬಿಟ್ಟು ಎಷ್ಟೋ ವರ್ಷದ ಮೇಲೆ ಅವಳು ತೀರಿಕೊಂಡಳು. ಅವಳ ಗಿಟಾರು ಎಲ್ಲಿದೆಯೋ ಆ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ. ನೆನಪಿನಿಂದಲೇ ಅಂಥದೊಂದು ಮಾಡಲು ಕೂತೆ. ಹಲಸಿನ ಹಲಗೆಯನ್ನು ಶಿವು ಆರಿಸಿ ತಂದ. ನಾನು ಸೀರೆ ಉಟ್ಟು ನಿಲ್ಲುವುದು, ಸೊಂಟಕ್ಕೆ ಒತ್ತಿ ನೋಡುವುದು, ಎಲ್ಲಿ ಚುಚ್ಚುತ್ತದೋ ಅಲ್ಲಿ ಉಳಿಯಲ್ಲಿ ಕೊರೆಯುವುದು, ಮತ್ತೆ ಒತ್ತಿ ನೋಡುವುದು. ಕಾಯಿಲನ್ನು ಹೊಲಿಗೆ ಮಿಷನ್ನಿನ ಬಾಬಿನ್ ಸುತ್ತುವ ಚಕ್ರದಲ್ಲಿ ಸುತ್ತಿದೆ. ಮೊದಲ ಸಲ ಸ್ಪೀಕರಿಗೆ ಹಾಕಿ ತಂತಿ ಮೀಟಿದಾಗ ಅದು ಸರೋಜಕ್ಕನ ದನಿಯಲ್ಲೇ ಕೂಗಿತು. ನಾನು ಅಲ್ಲೇ ಗೋಡೆಗೊರಗಿ ಕೂತು ಅತ್ತುಬಿಟ್ಟೆ.

ಶಿವುವಿನ ಅಂಗಡಿಗೆ ಬರುತ್ತಿದ್ದ ಜರ್ಮನ್ ಗಿರಾಕಿಯೊಬ್ಬ ಅದರ ಫೋಟೋ ತೆಗೆದುಕೊಂಡು ಹೋದ. ತಮ್ಮ ತಮ್ಮ ನಾಡಿನ ಸಂಗೀತದ ಇತಿಹಾಸಕ್ಕೆ ನಮನವಾಗಿ ಕೈಯಲ್ಲೇ ಮಾಡಿದ ಗಿಟಾರುಗಳ ಪ್ರದರ್ಶನ ಅವನ ಊರಿನಲ್ಲಿ ನಡೆಯುತ್ತದಂತೆ, ನಮ್ಮದೂ ಬರಬೇಕಂತೆ. ಹೀಗೆ ಕರೆ ಬಂತು.

ಜೊತೆಗೆ ಹೊರಟವರು ನಮ್ಮ ಯಜಮಾನರು, ಮುನಿರಾಜು. ಬಸವನಗುಡಿಯ ಶಾಲೆಯೊಂದರಲ್ಲಿ ಇತಿಹಾಸದ ಮೇಷ್ಟ್ರಾಗಿ, ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ನನ್ನ ಇಂಗ್ಲಿಷು ಕೇಳಿದರೆ ಅರ್ಥವಾಗುವಷ್ಟು, ಆಡಲು ಹೋದರೆ ಮುಗ್ಗರಿಸುವಷ್ಟು. ಇವರದು ನೀರು ಕುಡಿದ ಹಾಗೆ. "ನೀನು ಗಿಟಾರು ನೋಡ್ಕೊ, ಮಾತು ನಾನು ನೋಡ್ಕೊತೀನಿ," ಅಂದರು. ಒಳ್ಳೆಯ ಏರ್ಪಾಡು ಎಂದೇ ನಾನೂ ಅಂದುಕೊಂಡಿದ್ದೆ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣ

ಶಿವು ಮಾಡಿಕೊಟ್ಟ ಮರದ ಪೆಟ್ಟಿಗೆಯನ್ನು ಅಲ್ಲಿನ ಕಸ್ಟಮ್ಸ್ ಅಧಿಕಾರಿ ಬಿಚ್ಚಿಸಿದ. ಡಾಬಿನಂಥ ಪಟ್ಟಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಸತ್ತ ಹಾವನ್ನು ನೋಡುವಂತೆ ನೋಡಿದ. ಆಮೇಲೆ ಯಜಮಾನರ ಕಡೆ ತಿರುಗಿ, ಇದನ್ನು ಮಾಡಿದವರು ನೀವೋ ಎಂದು ಕೇಳಿದ.

ಇವರು ಕ್ಷಣವೂ ತಡೆಯದೆ "ಎಸ್" ಅಂದರು.

ಮನೆಯಲ್ಲಿ ಬಲ್ಬು ಹೋದರೆ ನನ್ನನ್ನು ಕೂಗುವ ಮನುಷ್ಯ!

"ಏನ್ರೀ ಅದು, ಎಸ್ಸು?" ಎಂದೆ, ಪೆಟ್ಟಿಗೆ ಮುಚ್ಚಿದ ಮೇಲೆ.

"ಬೇಗ ಬಿಡ್ಲಿ ಅಂತ ಅಂದೆ ಪದ್ಮಾ. ಅವನ ಹತ್ರ ಪುರಾಣ ಹೇಳಕ್ಕಾಗುತ್ತಾ?"

ಸರಿ, ದೂರದ ಪ್ರಯಾಣ, ಸುಸ್ತು ಎಂದು ನುಂಗಿಕೊಂಡೆ. ಅಲ್ಲೇ ಉಗಿದಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತೇನೋ.

ಹೆಲ್ಗಾಳ ಮನೆ

ನಮಗೆ ಇಳಿದುಕೊಳ್ಳಲು ಕೊಟ್ಟದ್ದು ಹೆಲ್ಗಾ ಎಂಬ ಮುದುಕಿಯ ಮನೆಯ ಮಹಡಿಯ ಕೋಣೆ. ಹೋದ ತಕ್ಷಣ ಬೈಸಿಕೊಂಡೆವು. ಬಾಳೆಹಣ್ಣಿನ ಸಿಪ್ಪೆಯನ್ನು ಕಾಗದದ ಡಬ್ಬಕ್ಕೆ ಹಾಕಿದ್ದೆವಂತೆ. ಒಂದು ಡಬ್ಬ ಕಾಗದಕ್ಕೆ, ಒಂದು ಪ್ಲಾಸ್ಟಿಕ್ಕಿಗೆ, ಒಂದು ಅಡುಗೆಮನೆ ಕಸಕ್ಕೆ. ಹೆಲ್ಗಾ ನನ್ನ ಕೈ ಹಿಡಿದು ಒಂದೊಂದರ ಮುಂದೆಯೂ ನಿಲ್ಲಿಸಿ ಜರ್ಮನ್ನಿನಲ್ಲಿ ಪಾಠ ಮಾಡಿದಳು. ನಮ್ಮ ಮಾರ್ಕೆಟ್ಟಿನ ಹೂವಿನ ಕಸ, ಕೊಳೆತ ಟೊಮೆಟೊ, ಬಾಳೆದಿಂಡು ಎಲ್ಲ ಒಂದೇ ಗುಡ್ಡೆಯಲ್ಲಿ ದನಗಳಿಗೆ ಕಾದು ಬಿದ್ದಿರುವುದನ್ನು ಇವಳಿಗೆ ತೋರಿಸಿದರೆ ಗತಿಯೇನು ಎಂದುಕೊಂಡೆ. ಆ ಊರಿನಲ್ಲಿ ಭಾನುವಾರ ಒಬ್ಬರೂ ಬಟ್ಟೆ ಒಗೆದು ಹರವುವುದಿಲ್ಲ, ಗೊತ್ತಿಲ್ಲದವರನ್ನೂ ದಾರಿಯಲ್ಲಿ ಮಾತಾಡಿಸಿ ನಮಸ್ಕಾರ ಹೇಳುತ್ತಾರೆ, ಆದರೆ ನಕ್ಕು ಹೇಳುವುದಿಲ್ಲ. ಸಾಲ ವಸೂಲಿಗೆ ಬಂದವರ ಮುಖದಲ್ಲಿ ಹೇಳುತ್ತಾರೆ.

ಕೋಣೆಯಲ್ಲಿ ಗೋಡೆಗೆ ಕೂರಿಸಿದ ಹೀಟರು. ಅದರ ಬಿಸಿಗೆ ನನ್ನ ತುಟಿಯೇ ಒಡೆದಿತ್ತು. ಮಾರನೆಯ ದಿನ ಪೆಟ್ಟಿಗೆ ತೆಗೆದು ನೋಡಿದೆ. ಬೆಂಗಳೂರಿನ ಗಾಳಿಯಲ್ಲಿ ಬೆಳೆದ ಮರ ಆ ಒಣ ಶಾಖಕ್ಕೆ ಕುಗ್ಗಿಹೋಗಿತ್ತು. ಗಿಟಾರಿನ ಕತ್ತು ಬಾಗಿತ್ತು. ಕತ್ತಿನ ಉದ್ದಕ್ಕೂ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳ ತುದಿಗಳು ಮುಳ್ಳಿನಂತೆ ಆಚೆ ಬಂದಿದ್ದವು. ಕೈ ಜಾರಿಸಿದರೆ ರಕ್ತ ಬರುವಂತಿತ್ತು.

ಅಂದು ಸಂಜೆ ಗಿಟಾರು ಮಾಡಿದವರಿಗೆಲ್ಲ ಸಭಾಂಗಣದಲ್ಲಿ ಚಹಾಕೂಟ. ಪ್ರದರ್ಶನದ ಮುಖ್ಯಸ್ಥ, ವೆಬರ್ ಎಂಬ ಎತ್ತರದ ಮನುಷ್ಯ, ಒಬ್ಬೊಬ್ಬರನ್ನೂ ಮಾತಾಡಿಸಿ ವಿವರ ಬರೆದುಕೊಳ್ಳುವವನಿದ್ದ.

"ನೀವು ಹೋಗ್ಬನ್ನಿ. ಇದು ಸರಿಯಾಗೋವರ್ಗೂ ನಾನು ಎಲ್ಲಿಗೂ ಬರಲ್ಲ," ಎಂದೆ. "ಸರೋಜಕ್ಕನ ವಿಷಯ ಪೂರ್ತಿ ಹೇಳಿ. ಸೆರಗಿನ ವಿಷಯ ಮರೀಬೇಡಿ, ಮುಖ್ಯ ಅದೇ."

"ಹೇಳ್ತೀನಮ್ಮಾ, ನನಗೇನು ಗೊತ್ತಿಲ್ವಾ," ಎಂದು ಮಫ್ಲರ್ ಸುತ್ತಿಕೊಂಡು ಹೊರಟರು.

ನಾನು ಟವೆಲ್ ಒದ್ದೆ ಮಾಡಿ ಹೀಟರಿನ ಮೇಲೆ ಹಾಕಿ, ಅರದಲ್ಲಿ ಒಂದೊಂದೇ ಮುಳ್ಳನ್ನು ಉಜ್ಜುತ್ತಾ ಕೂತೆ. ಸದ್ದಿಗೆ ಹೆಲ್ಗಾ ಮೇಲೆ ಬಂದಳು. ಹೀಟರಿನ ಮೇಲೆ ಒದ್ದೆ ಬಟ್ಟೆ ನೋಡಿ ಬಾಯಿ ತೆರೆದವಳು ಗಿಟಾರು ಕಂಡು ಸುಮ್ಮನಾದಳು. ಬಗ್ಗಿ ಅದರ ಕತ್ತನ್ನು ಒಂದು ಕಣ್ಣು ಮುಚ್ಚಿ ನೋಡಿದಳು. ಕೆಳಗೆ ಹೋಗಿ ಅಗಲವಾದ ಬಟ್ಟಲಿನಲ್ಲಿ ನೀರು ತಂದು ಹೀಟರಿನ ಮೇಲಿಟ್ಟು, "ಮರ... ಕುಡಿ," ಎಂದಳು ಇಂಗ್ಲಿಷಿನಲ್ಲಿ. ಅವಳ ಇಂಗ್ಲಿಷೂ ನನ್ನದರ ಹಾಗೆಯೇ ಕುಂಟುತ್ತಿತ್ತು. ಇಬ್ಬರಿಗೂ ನಾಚಿಕೆಯಾಗಲಿಲ್ಲ. ಅವಳೂ ಆ ಊರಿನ ಗಿಟಾರು ಕಾರ್ಖಾನೆಯಲ್ಲಿ ಇದ್ದವಳಂತೆ. ಗೋಡೆ ಬಿದ್ದು ಎರಡು ಜರ್ಮನಿ ಒಂದಾದ ಮೇಲೆ ಅದೂ ಮುಚ್ಚಿತಂತೆ. "ಮನೆಗೆ," ಎಂದು ಕೈ ಬೀಸಿ ತೋರಿಸಿದಳು. "ನನ್ನನ್ನೂ," ಎಂದೆ.

ಯಜಮಾನರು ಕೆನ್ನೆ ಕೆಂಪಗೆ ಮಾಡಿಕೊಂಡು ಹುರುಪಿನಲ್ಲಿ ಬಂದರು. ಎಲ್ಲ ಚೆನ್ನಾಗಿ ಹೇಳಿದೆ, ವೆಬರ್‌ಗೆ ಬಹಳ ಹಿಡಿಸಿತು ಎಂದರು. ನೀರಾವಿಗೆ ಗಿಟಾರಿನ ಕತ್ತು ನೇರವಾಗಿದ್ದ ಖುಷಿಯಲ್ಲಿ ನಾನು ಹೆಚ್ಚು ಕೇಳಲಿಲ್ಲ.

ಸಭಾಂಗಣ

ಮಾರನೆಯ ದಿನ ಗಿಟಾರನ್ನು ಒಪ್ಪಿಸಿದೆವು. ಮಧ್ಯಾಹ್ನ ಹೋದಾಗ ಅದನ್ನು ಗೋಡೆಗೆ ತೂಗುಹಾಕಿ, ಕೆಳಗೆ ಒಂದು ಫಲಕ ಅಂಟಿಸಿದ್ದರು. ಇಂಗ್ಲಿಷ್ ಭಾಗವನ್ನು ನಾನು ಒಂದೊಂದೇ ಪದ ಕೂಡಿಸಿ ಓದಿದೆ. ವಿದ್ಯಾದೇವತೆಗೆ ಅರ್ಪಣೆ. ದೇವಿಯ ವಾಹನವಾದ ಹಂಸದ ಆಕಾರ. ವೀಣೆ ಮಾಡುವ ಪವಿತ್ರ ಮರ. ಸೊಂಟಕ್ಕೆ ಕಟ್ಟುವ ಪಟ್ಟಿ ಯೋಗಾಭ್ಯಾಸದ ಸಂಕೇತ. ಕೊನೆಯಲ್ಲಿ, ತಯಾರಿಸಿದವರು: ಬೆಂಗಳೂರಿನ ಮುನಿರಾಜು ಮತ್ತು ಪತ್ನಿ.

ಇನ್ನೊಂದು ಸಲ ಓದಿದೆ. ಸರೋಜ ಎಂಬ ಹೆಸರು ಎಲ್ಲೂ ಇರಲಿಲ್ಲ.

ನನಗೆ ಕಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಯಜಮಾನರು ಆಗಲೇ ಪಕ್ಕದ ಗಿಟಾರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ್ದರು. ಅವರ ಕೋಟಿನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ.

ಚರ್ಚಿನ ಮುಂದಿನ ಕಲ್ಲುಬೆಂಚು

"ಹಂಸ ಎಲ್ಲಿಂದ ಬಂತ್ರೀ?"

"ಪದ್ಮಾ, ಮೆಲ್ಲಗೆ. ಜನ ನೋಡ್ತಿದಾರೆ."

"ನೋಡ್ಲಿ. ಹಂಸ ಎಲ್ಲಿಂದ ಬಂತು?"

"ಅವನೇ ಕೇಳ್ದ, ಈ ಆಕಾರ ಹಂಸದ ಥರ ಇದೆ ಅಲ್ವಾ ಅಂತ. ನಾನು ಹೂಂ ಅಂದೆ. ಅಲ್ಲಿಂದ ಹಾಗೇ ಬೆಳೀತು. ಹಲಸಿನ ಮರದಲ್ಲಿ ವೀಣೆ ಮಾಡೋದು ಸುಳ್ಳಾ?"

"ಹಲಸಿನ ಮರದಲ್ಲಿ ನಮ್ಮನೆ ಊಟದ ಮಣೇನೂ ಮಾಡಿದಾರೆ! ಮಣೆಗೂ ಮಂಗಳಾರತಿ ಎತ್ತಿ!"

ಹಾದುಹೋಗುತ್ತಿದ್ದ ದಂಪತಿಗಳು ಹೆಜ್ಜೆ ಚುರುಕು ಮಾಡಿದರು. ಇವರು ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೊನೆಗೆ ನಿಜ ಹೇಳಿದರು.

"ಇನ್ನೇನ್ ಹೇಳ್ಲಿ? ಜಪಾನಿನವನು, ಸ್ಪೇನಿನವನು ದೊಡ್ಡ ದೊಡ್ಡ ವಿದ್ವಾಂಸರ ಹೆಸರು ಹೇಳ್ತಿದ್ರು. ಅವ್ರ ಮಧ್ಯೆ ನಿಂತು, ಗಣೇಶನ ಹಬ್ಬದಲ್ಲಿ ಬೀದಿ ಆರ್ಕೆಸ್ಟ್ರಾ, ಸೆರಗು ಜಾರ್ತಿತ್ತು ಅಂತ ಹೇಳಕ್ಕಾಗುತ್ತಾ? ನಮ್ಮ ದೇಶದ ಮರ್ಯಾದೆ ಏನಾಗ್ಬೇಕು?"

ಅಲ್ಲಿಯವರೆಗೂ ನನ್ನದು ಬರಿ ಸಿಟ್ಟು. ಈ ಮಾತು ಕೇಳಿದ ಮೇಲೆ ಆದದ್ದು ಬೇರೆ. ನಾನೂ ಅದೇ ಬೀದಿ ಆರ್ಕೆಸ್ಟ್ರಾದಲ್ಲಿ ನುಡಿಸಿದವಳು. ಮದುವೆಯಾಗಿ ಇಷ್ಟು ವರ್ಷ ಇವರು ಆ ವಿಷಯ ಎತ್ತದೇ ಇದ್ದದ್ದು ಮರೆವಿನಿಂದಲ್ಲ, ನಾಚಿಕೆಯಿಂದ ಎಂದು ಆ ಚಳಿಯಲ್ಲಿ, ಪರದೇಶದ ಕಲ್ಲುಬೆಂಚಿನ ಮೇಲೆ ನನಗೆ ತಿಳಿಯಿತು.

"ನಾಳೆ ಎಲ್ಲರ ಮುಂದೆ ಸರಿ ಮಾಡ್ಬೇಕು," ಎಂದೆ.

"ಮಾಡ್ತೀನಿ. ನಿನ್ನಾಣೆಗೂ."

ಹೆಲ್ಗಾಳ ಮನೆಗೆ ಮುಂದೆ ನಾನು, ಹಿಂದೆ ಇವರು ಬಂದೆವು. ಹೆಲ್ಗಾ ನಮ್ಮಿಬ್ಬರ ಮುಖ ನೋಡಿ ನನಗೆ ಮಾತ್ರ ಕೇಕು ಕೊಟ್ಟಳು.

ವೇದಿಕೆ

ಮರುದಿನ ಒಂದೊಂದೇ ಗಿಟಾರನ್ನು ವೇದಿಕೆಗೆ ತಂದು ಊರಿನ ವಾದಕನೊಬ್ಬ ನುಡಿಸಿ ತೋರಿಸುವ ಕಾರ್ಯಕ್ರಮ. ಸಭಾಂಗಣ ತುಂಬಿತ್ತು. ಹೆಲ್ಗಾಳೂ ಬಂದು ನನ್ನ ಪಕ್ಕ ಕೂತಿದ್ದಳು. ನಮ್ಮ ಸರದಿ ಬಂದಾಗ ವಾದಕ ಅದನ್ನು ಕುರ್ಚಿಯಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡ. ಅದು ಉರುಳಿತು. ಇನ್ನೊಂದು ತೊಡೆಗೆ ಹಾಕಿದ. ಮತ್ತೆ ಉರುಳಿತು. ಜನ ಮೆಲ್ಲಗೆ ನಕ್ಕರು. ನೋಡಲು ಸುಂದರ, ನುಡಿಸಲು ಕಷ್ಟ ಎನ್ನುವ ಅರ್ಥದಲ್ಲಿ ಅವನೇನೋ ಅಂದ. ಅದು ತೊಡೆಗೆ ಮಾಡಿದ್ದಲ್ಲ ಕಣಪ್ಪಾ!

ವೆಬರ್ ಯಜಮಾನರ ಕೈಗೆ ಮೈಕು ಕೊಟ್ಟ. ಇವರು ಎದ್ದು ಹೋಗಿ ಗಂಟಲು ಸರಿಮಾಡಿಕೊಂಡರು. ಸಭೆಯನ್ನು ನೋಡಿದರು. ನನ್ನನ್ನು ನೋಡಲಿಲ್ಲ. ಭಾರತದ ಪುರಾತನ ಪರಂಪರೆ ಎಂದು ಶುರುಮಾಡಿದರು. ನಾನು ಸೀಟಿನ ತುದಿಗೆ ಬಂದು ಕಾದೆ. ಈಗ ಹೇಳುತ್ತಾರೆ, ಇನ್ನೊಂದು ವಾಕ್ಯಕ್ಕೆ ಹೇಳುತ್ತಾರೆ ಎಂದುಕೊಳ್ಳುವಷ್ಟರಲ್ಲಿ "ಸ್ವಾನ್" ಎನ್ನುವ ಪದ ಕಿವಿಗೆ ಬಿತ್ತು.

ಎದ್ದು ನಿಂತೆ.

"ಸುಳ್ಳು! ಬಾಯಿ ಬಿಟ್ರೆ ಬರೀ ಸುಳ್ಳು! ಯಾವ ಹಂಸಾನೂ ಇಲ್ಲ, ಯಾವ ಯೋಗಾನೂ ಇಲ್ಲ! ಅದು ಮಾವಳ್ಳಿ ಸರೋಜಕ್ಕನ ಗಿಟಾರು! ಬೀದೀಲಿ ನುಡಿಸ್ತಿದ್ಲು, ಅದಕ್ಕೇನೀಗ?"

ಸಭೆಯವರು, ನಂಬುತ್ತೀರೋ ಇಲ್ಲವೋ, ಚಪ್ಪಾಳೆ ತಟ್ಟಿದರು. ನಾನು ಯಾವುದೋ ಮಂತ್ರ ಹೇಳಿದೆ ಎಂದುಕೊಂಡರಂತೆ. ಅದಕ್ಕಿಂತ ಅವಮಾನ ಬೇರೆ ಉಂಟೇ? ಬೈದರೂ ಸ್ತೋತ್ರ!

ಸೆರಗನ್ನು ಸ್ವೆಟರಿನ ಮೇಲಿಂದ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು ವೇದಿಕೆ ಹತ್ತಿದೆ.

"ರೀ, ಈಗ ನಾನು ಹೇಳ್ತೀನಿ. ನೀವು ಹಾಗೇ ಇಂಗ್ಲಿಷಲ್ಲಿ ಹೇಳಿ. ಒಂದಕ್ಷರ ಸೇರಿಸಿದ್ರೆ ನನಗೆ ಗೊತ್ತಾಗುತ್ತೆ. ಇಷ್ಟು ಹೊತ್ತು ಹೇಳಿದ್ದು ಸುಳ್ಳು. ಹೇಳಿ."

ಇವರು ಮೈಕು ಕೆಳಗಿಳಿಸಿದರು. "ಪದ್ಮಾ..."

"ಹೇಳಿ."

ಹೇಳಿದರು. ದನಿ ಅಷ್ಟು ಚಿಕ್ಕದಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಇದನ್ನ ಮಾಡಿದವಳು ನಾನು. ಇವ್ರು ನನ್ನ ಗಂಡ. ಒಳ್ಳೆಯವ್ರು. ಆದ್ರೆ ಬೀದಿ ಸಂಗೀತ ಅಂತ ಹೇಳಕ್ಕೆ ನಾಚಿಕೆಪಟ್ರು."

ಅದನ್ನೂ ಹೇಳಿದರು. ಒಳ್ಳೆಯವರು ಎನ್ನುವುದನ್ನು ಬಿಟ್ಟರು. ಅದನ್ನೂ ಹೇಳಿ ಎಂದು ಹೇಳಿಸಿದೆ. ಆಮೇಲೆ ಸರೋಜಕ್ಕನ ಹೆಸರು, ಹೆಡ್‌ಫೋನಿನ ಅಯಸ್ಕಾಂತ, ಪೆಂಡಾಲು, ಶಿಳ್ಳೆ, ಜಾರುವ ಸೆರಗು, ಒಂದೊಂದಾಗಿ. ಸೆರಗು ಎಂಬುದಕ್ಕೆ ಇಂಗ್ಲಿಷ್ ಪದ ಸಿಗದೆ ಇವರು ತಡವರಿಸಿದಾಗ ನಾನು ನನ್ನದನ್ನೇ ಎತ್ತಿ ತೋರಿಸಿದೆ. ವಾದಕನ ಕೈಯಿಂದ ಗಿಟಾರು ತೆಗೆದುಕೊಂಡು ಸೊಂಟಕ್ಕೆ ಕೂರಿಸಿ ಪಟ್ಟಿ ಬಿಗಿದೆ. ಉರುಳಲಿಲ್ಲ.

ಆರ್ಕೆಸ್ಟ್ರಾ ಶುರುವಾಗುವ ಮುಂಚೆ ಜನರನ್ನು ಕರೆಯಲು ಸರೋಜಕ್ಕ ನುಡಿಸುತ್ತಿದ್ದ ತನ್ನದೇ ಒಂದು ವರಸೆಯಿತ್ತು. ಅದನ್ನು ನುಡಿಸಿದೆ. ಚಳಿಗೆ ಬೆರಳು ಮಡಚುತ್ತಿರಲಿಲ್ಲ, ನಡುವೆ ತಪ್ಪಿದೆ, ಸಿಟ್ಟಿನಲ್ಲಿ ತಂತಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಮೀಟಿದೆ. ಸರೋಜಕ್ಕ ಕೇಳಿದ್ದರೆ ತಲೆಗೆ ಮೊಟಕುತ್ತಿದ್ದಳು. ಈ ಸಲ ಚಪ್ಪಾಳೆ ತಡವಾಗಿ ಬಂತು. ಮೊದಲು ತಟ್ಟಿದವಳು ಹೆಲ್ಗಾ.

ವೆಬರ್ ನನ್ನ ಕೈ ಕುಲುಕಿದ. ಫಲಕ ಬದಲಾಯಿಸುತ್ತೇನೆ, ಆದರೆ ಪ್ರದರ್ಶನದ ಪುಸ್ತಕ ಬೆಳಗ್ಗೆಯೇ ಅಚ್ಚಿಗೆ ಹೋಗಿದೆ, ಅದರಲ್ಲಿ ದೇವಿಯ ಕಥೆಯೇ ಇರುತ್ತದೆ, ಅದೂ ಚೆನ್ನಾಗಿದೆ ಅಲ್ಲವೇ, ಎರಡೂ ಇರಲಿ ಎಂದ. ಪ್ರದರ್ಶನದ ನಂತರ ಗಿಟಾರನ್ನು ಊರಿನ ಸಂಗ್ರಹದಲ್ಲಿ ಶಾಶ್ವತವಾಗಿ ಇಡುವ ಮಾತೂ ಇತ್ತು. ಯಜಮಾನರು ನನ್ನ ಕಡೆ ನೋಡಿದರು. ಏನೂ ಸೇರಿಸದೆ ಕೇಳಿದರು, "ಏನ್ ಹೇಳ್ಲಿ?"

"ಗಿಟಾರು ವಾಪಸ್ ಕೊಡಿ ಅಂತ ಹೇಳಿ."

ಹೇಳಿದರು. ವೆಬರ್‌ಗೆ ಬೇಸರವಾಯಿತು. ಆಗಲಿ. ಮುಂದೆ ಯಾರೋ ಆ ಪುಸ್ತಕ ತೆರೆದು, ಆ ಗೋಡೆಯಲ್ಲಿರುವ ಗಿಟಾರನ್ನು ನೋಡಿ ಆಹಾ ಹಂಸ ಎನ್ನುವುದಕ್ಕಿಂತ ಆ ಗೋಡೆ ಖಾಲಿಯಿರುವುದೇ ಮೇಲು.

ರೈಲು

ಬೆಳಗಿನ ರೈಲಿಗೆ ಹೆಲ್ಗಾ ಬುತ್ತಿ ಕಟ್ಟಿಕೊಟ್ಟಳು. ಯಜಮಾನರಿಗೂ ಕೊಟ್ಟಳು, ಮುಖ ಗಂಟುಹಾಕಿಕೊಂಡೇ. ಎದುರುಬದುರಿನ ಸೀಟಿನಲ್ಲಿ ಕೂತೆವು. ಪೆಟ್ಟಿಗೆ ನಮ್ಮಿಬ್ಬರ ಮೊಣಕಾಲಿನ ನಡುವೆ. ಬೆಟ್ಟ, ಕಾಡು, ಕೆಂಪು ಹೆಂಚಿನ ಊರು ಎಷ್ಟೋ ಹಾದುಹೋದವು. ನನಗೆ ಒಂದೂ ಚೆನ್ನಾಗಿ ಕಾಣಲಿಲ್ಲ.

ಬುತ್ತಿಯ ಪೊಟ್ಟಣ ಬಿಚ್ಚುತ್ತಾ ಇವರು, "ಸರೋಜಕ್ಕ ಆಮೇಲೆ ಯಾಕೆ ನುಡಿಸೋದ್ ಬಿಟ್ರು?" ಎಂದರು.

ಇಷ್ಟು ವರ್ಷದಲ್ಲಿ ಕೇಳಿದ್ದು ಅದೇ ಮೊದಲು. ಉತ್ತರ ಕೊಡಬಾರದು ಎಂದುಕೊಂಡೆ. ಆದರೂ ಹೇಳಿದೆ.

ಆರ್ಕೆಸ್ಟ್ರಾದವರು ಒಂದು ಕ್ಯಾಸೆಟ್ ಮಾಡಲು ಹೊರಟಿದ್ದರು. ಗಿಟಾರಿನ ವರಸೆಗಳೆಲ್ಲ ಸರೋಜಕ್ಕನವೇ. ರೆಕಾರ್ಡಿಂಗ್ ದಿನ ಹೊಸ ಸೀರೆ ಉಟ್ಟು ಹೋದಳು, ಜೊತೆಗೆ ನಾನು. ಒಳಗೆ ಬೇರೆ ಊರಿನಿಂದ ಕರೆಸಿದ ಗಂಡಸೊಬ್ಬ ಕೂತಿದ್ದ. ಕ್ಯಾಸೆಟ್ಟಿನ ಮೇಲೆ ಹೆಂಗಸಿನ ಹೆಸರಿದ್ದರೆ ಕಂಪನಿಯವರು ತಮಾಷೆ ಅಂದುಕೊಳ್ಳುತ್ತಾರೆ, ನಿನ್ನ ಗಿಟಾರನ್ನು ಅವನಿಗೆ ಕೊಡು, ಆ ದನಿ ಬೇರೆಯದರಲ್ಲಿ ಬರುವುದಿಲ್ಲ ಎಂದ ಆರ್ಕೆಸ್ಟ್ರಾದ ಮಾಲೀಕ. ಅವಳು ಕೊಟ್ಟಳು. ಆ ಗಂಡಸಿಗೆ ಅದರ ತಂತಿ ಹದಕ್ಕೆ ಬರಲಿಲ್ಲ. ಮತ್ತೆ ಅವಳನ್ನೇ ಕರೆದರು. ಒಳಗೆ ಹೋಗಿ ಶ್ರುತಿ ಮಾಡಿಕೊಟ್ಟು ಬಂದು, ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು, ತನ್ನ ವರಸೆಗಳನ್ನು ಅವನು ನುಡಿಸುವುದನ್ನು ಕೊನೆಯವರೆಗೂ ಕೇಳಿದಳು. ಗಿಟಾರನ್ನು ವಾಪಸ್ಸು ತೆಗೆದುಕೊಳ್ಳದೆ ಎದ್ದು ನಡೆದುಬಿಟ್ಟಳು.

ಯಜಮಾನರು ಬುತ್ತಿಯ ಬ್ರೆಡ್ಡು ಕೈಯಲ್ಲೇ ಹಿಡಿದಿದ್ದರು.

"ಶ್ರುತಿ ಮಾಡಿಕೊಟ್ರಾ?" ಅಂದರು. "ಅವರೇ? ಅವನಿಗೆ?"

"ಹೂಂ."

"ಶ್ರುತಿ ಮಾಡಿಸ್ಕೊಂಡು, ಹೆಸ್ರು ಹಾಕ್ಲಿಲ್ವಾ?"

"ಇಲ್ಲ."

ನಲವತ್ತು ಹುಡುಗರ ಗಲಾಟೆಯಲ್ಲೂ ದನಿ ಏರಿಸದೆ ಪಾಠ ಮಾಡಿದ ಮನುಷ್ಯ, ಮಕ್ಕಳಿಗೆ ಒಂದು ಏಟು ಹಾಕಿದವರಲ್ಲ. ಬ್ರೆಡ್ಡನ್ನು ಪೊಟ್ಟಣಕ್ಕೆ ಎಸೆದು, ಇಡೀ ಬೋಗಿ ತಿರುಗಿ ನೋಡುವಂತೆ ಕೂಗಿದರು: "ಅವನ ವಂಶ ನಿರ್ವಂಶ ಆಗ! ಕಳ್ಳ ನನ್ಮಗ!"

ಪತ್ರಿಕೆ ಓದುತ್ತಿದ್ದ ಹೆಂಗಸು ಬೆಚ್ಚಿ ಕನ್ನಡಕ ಸರಿಮಾಡಿಕೊಂಡಳು. ಟಿಕೆಟ್ ನೋಡುವವನು ಓಡಿ ಬಂದು ಏನಾಯಿತು ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ. ಇವರು ನನ್ನ ಕಡೆ ನೋಡಿದರು.

"ನೀವೇ ಹೇಳಿ," ಎಂದೆ. "ಈ ಸಲ ಸರಿಯಾಗಿ ಹೇಳ್ತೀರ."